ಅಥಣಿ ಚಪ್ಪಲಿಯ ಡಿಸೈನರ್ ಯಾರು?

ಫ್ರೀಲಾನ್ಸ್ ಕೆಲಸದ ಬಗ್ಗೆ ಹಿಂದೆ ಒಮ್ಮೆ ಮಾತಾಡಿದ್ದೆವಲ್ಲ, ಅದಾದ ಮೇಲೆ ಬಂದ ಮೆಸೇಜ್‌ಗಳಲ್ಲಿ ಹೆಚ್ಚಿನವು ಲೋಗೋ, ಬ್ಯಾನರ್, ಇನ್‌ಸ್ಟಾ ಪೋಸ್ಟ್ ಮಾಡಿಕೊಡೋ ಹುಡುಗ ಹುಡುಗಿಯರದ್ದು. ತಕರಾರು ಹೆಚ್ಚೂಕಡಿಮೆ ಒಂದೇ. ಕ್ಲೈಂಟ್‌ಗೆ ಏನು ಬೇಕು ಅನ್ನೋದು ಕ್ಲೈಂಟ್‌ಗೇ ಗೊತ್ತಿರಲ್ಲ. ಹತ್ತು ಸಲ ತಿದ್ದಿಸಿ ಕೊನೆಗೆ ಮೊದಲನೇದ್ದೇ ಇರಲಿ ಬಿಡ್ರಿ ಅಂತಾರೆ. ರೇಟ್ ಹೇಳಿದರೆ ಇಷ್ಟು ಸಣ್ಣ ಕೆಲಸಕ್ಕ ಇಷ್ಟಾ ಅಂತಾರೆ. ಎಲ್ಲಾ ಮುಗಿದ ಮೇಲೆ ಮಾಡಿದವರ ಹೆಸರು ಎಲ್ಲೂ ಇರಲ್ಲ.

ನಾನು ಡಿಸೈನರ್ ಅಲ್ಲ, ಬಿ.ಕಾಂ ಓದಿದವನು. ಟಿಪ್ಸ್ ಕೊಡೋ ಯೋಗ್ಯತೆ ನನಗಿಲ್ಲ. ಆದರೆ ನಮ್ಮೂರು ಸತ್ತಿ, ಅಥಣಿ ತಾಲ್ಲೂಕು. ಲ್ಯಾಪ್‌ಟಾಪ್ ಹುಟ್ಟೋಕೆ ಎಷ್ಟೋ ತಲೆಮಾರು ಮೊದಲೇ ನಮ್ಮ ತಾಲ್ಲೂಕಿನಲ್ಲಿ ಡಿಸೈನ್ ಕಸುಬು ನಡೀತಿತ್ತು, ಇವತ್ತೂ ನಡೀತದೆ. ಅದನ್ನ ಮಾಡೋರು ಇದೇ ನಾಲ್ಕು ತಕರಾರುಗಳ ಜೊತೆ ಬದುಕಿದ್ದಾರೆ. ಮೂರನ್ನ ತಕ್ಕಮಟ್ಟಿಗೆ ಗೆದ್ದಿದ್ದಾರೆ. ನಾಲ್ಕನೇದ್ದು, ಅಂದ್ರೆ ಹೆಸರಿನ ತಕರಾರು, 2025ರಲ್ಲಿ ಇಟಲಿಯ ಮಿಲಾನ್‌ವರೆಗೂ ಹೋಯ್ತು. ಇವತ್ತಿನ ಎಪಿಸೋಡ್ ಆ ಚಪ್ಪಲಿಯದ್ದು.

ಹೌದು, ಕೊಲ್ಹಾಪುರಿ ಚಪ್ಪಲಿ. ನಮ್ಮ ಕಡೆಯವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಮದುವೆಗೆ ಬೇಕು, ಜಾತ್ರೆಗೆ ಬೇಕು, ಬೆಂಗಳೂರಿನ ದೋಸ್ತರು 'ಬರೂವಾಗ ಒಂದು ಜೋಡು ತಗೊಂಡು ಬಾ' ಅಂತ ಸೈಜ್ ಕಳಿಸ್ತಾರೆ. ಬಹಳ ಜನರಿಗೆ ಗೊತ್ತಿಲ್ಲದ ವಿಷಯ ಅಂದ್ರೆ, ಕೊಲ್ಹಾಪುರಿ ಅಂತ ಮಾರಾಟ ಆಗೋದರಲ್ಲಿ ದೊಡ್ಡ ಪಾಲು ಅಥಣಿ, ಮದಭಾವಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಕಡೆಯ ಮನೆಗಳಲ್ಲಿ ತಯಾರಾಗಿದ್ದು.

ಮೊದಲು ವಸ್ತುವನ್ನೇ ನೋಡೋಣ. ನಿಮ್ಮ ಮನೇಲಿ ಒಂದು ಜೋಡು ಇದ್ದರೆ ಕೈಗೆ ತಗೊಳ್ರಿ. ತಿರುಗಿಸಿ ನೋಡ್ರಿ. ಒಳ್ಳೇ ಜೋಡಿನಲ್ಲಿ ಒಂದೂ ಮೊಳೆ ಇರಲ್ಲ. ಅಟ್ಟೆಯ ಪದರುಗಳನ್ನ ಹೊಲಿದಿರೋದೂ ತೊಗಲಿನ ಎಳೆಯಿಂದಲೇ. ಅಟ್ಟೆಗೆ ಎಮ್ಮೆಯ ದಪ್ಪ ತೊಗಲು, ಮೇಲಿನ ಹೆಣಿಗೆಗೆ ಆಡಿನ ತೆಳು ತೊಗಲು. ಪಾದದ ಎರಡೂ ಪಕ್ಕಕ್ಕೆ ಕಿವಿಯಂಥ ಎರಡು ತುಂಡು, ಅವೆರಡನ್ನ ಜೋಡಿಸೋ ಪಟ್ಟಿ, ಹೆಬ್ಬೆರಳಿಗೆ ಒಂದು ಉಂಗುರ, ನಡುವೆ ಜಡೆ ಹೆಣೆದಂಗ ಹೆಣೆದ ಸಣ್ಣ ಎಳೆಗಳು. ಅಷ್ಟೇ. ಬಕಲ್ ಇಲ್ಲ, ಇಲಾಸ್ಟಿಕ್ ಇಲ್ಲ. ಇಡೀ ಚಪ್ಪಲಿ ಒಂದೇ ವಸ್ತುವಿನಿಂದ ಆಗಿರೋದರಿಂದ ಹರಿದದ್ದನ್ನ ಹೊಲಿಯಬಹುದು, ಸವೆದ ಅಟ್ಟೆ ಬದಲಿಸಬಹುದು. ಇವತ್ತು ಡಿಸೈನ್ ಕಾಲೇಜುಗಳಲ್ಲಿ ಸಸ್ಟೇನೆಬಲ್ ಅಂತ ಸ್ಲೈಡ್ ಮೇಲೆ ಸ್ಲೈಡ್ ತೋರಿಸ್ತಾರಲ್ಲ, ಅದು ಇದೇ.

ತೊಗಲು ಹದ ಮಾಡೋದು ಇನ್ನೂ ಮಜಾ. ಹಸಿ ತೊಗಲನ್ನ ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೀತಾರೆ. ಆಮೇಲೆ ಜಾಲಿ ಮರದ ತೊಗಟೆ, ಅಳಲೆಕಾಯಿ. ಹಳೇ ಪದ್ಧತಿಯಲ್ಲಿ ತೊಗಲನ್ನೇ ಚೀಲದಂಗ ಹೊಲಿದು, ಒಳಗೆ ತೊಗಟೆಯ ರಸ ತುಂಬಿ, ಕಟ್ಟಿಗೆಯ ದೂಲಕ್ಕೆ ತೂಗು ಹಾಕ್ತಿದ್ದರು. ರಸ ತೊಟ್ಟಿಕ್ಕುತ್ತಾ ತೊಗಲಿನೊಳಗೆ ಇಳೀತದೆ. ತೊಟ್ಟಿಕ್ಕಿದ್ದನ್ನ ಮತ್ತೆ ಮೇಲಿಂದ ಸುರೀತಾರೆ. ವಾರಗಟ್ಟಲೆ ಇದೇ ಕೆಲಸ. ಹದ ಮಾಡೋದು ಢೋರ ಸಮುದಾಯದವರ ಕಸುಬು, ಚಪ್ಪಲಿ ಹೊಲಿಯೋದು ಸಮಗಾರರ ಕಸುಬು. ಕ್ರೋಮ್ ರಾಸಾಯನಿಕದಲ್ಲಿ ಹದ ಮಾಡಿದ ತೊಗಲು ಬೇಗ ತಯಾರಾಗ್ತದೆ, ಮೆತ್ತಗಿರ್ತದೆ. ಆದರೆ ಅಷ್ಟು ಮೆತ್ತಗಿನ ತೊಗಲಿನಿಂದ ಈ ಚಪ್ಪಲಿ ನಿಲ್ಲಲ್ಲ. ಒಂದು ಮೊಳೆಯೂ ಇಲ್ಲದೆ ಆಕಾರ ಹಿಡಿದು ನಿಲ್ಲಬೇಕಂದ್ರೆ ತೊಗಲಿಗೇ ಬಿಗಿ ಇರಬೇಕು. ನಾವು ನೋಡಿ ಚೆಂದ ಅನ್ನೋ ಆಕಾರ ಬಂದಿರೋದು ಹದದಿಂದ.

ಮೊದಲ ತಕರಾರು: ಗಿರಾಕಿಗೆ ಏನು ಬೇಕು?

ಹಳೇ ಕಾಲದ ಗಿರಾಕಿ ಅಂದ್ರೆ ರೈತ. ಕಲ್ಲು, ಮುಳ್ಳು, ಎರೆಮಣ್ಣು, ಮೇ ತಿಂಗಳ ಬಿಸಿಲು. ಅವನಿಗೆ ಬೇಕಾಗಿದ್ದು ದಪ್ಪ ಅಟ್ಟೆ, ತೂಕ ಇದ್ದರೂ ಅಡ್ಡಿಯಿಲ್ಲ. ನಡೆದರೆ ಕರ್ ಕರ್ ಅಂತ ಸದ್ದು ಬರಬೇಕು. ರಾತ್ರಿ ಹೊಲಕ್ಕೆ ನೀರು ಬಿಡೋಕೆ ಹೋದಾಗ ಆ ಸದ್ದಿಗೆ ಹುಳಹುಪ್ಪಡಿ ಸರೀತವೆ ಅಂತ ಹಿರಿಯರು ಹೇಳ್ತಿದ್ದರು. ಹಾವಿಗೆ ಆ ಸದ್ದು ಎಷ್ಟು ಕೇಳ್ತದೋ ಬೇರೆ ಮಾತು, ಗಿರಾಕಿಗೆ ಧೈರ್ಯ ಅಂತೂ ಬರ್ತಿತ್ತು. ಗೌಡರಿಗೆ ಅದೇ ಸದ್ದು ದಿಮಾಕು. ಬರೋಕಿಂತ ಮೊದಲೇ ಬಂದದ್ದು ಗೊತ್ತಾಗಬೇಕು. ಅದೇ ಚಪ್ಪಲಿ ಹಾಕ್ಕೊಂಡು ಇವತ್ತು ಎಸಿ ಆಫೀಸಿಗೆ ಹೋದರೆ ಮೂರು ಟೇಬಲ್‌ನವರು ತಿರುಗಿ ನೋಡ್ತಾರೆ.

ಹಿಂದೆ ಕಾಪಶಿ, ಪಾಯತಾಣ, ಕಚಕಡಿ, ಬಕ್ಕಲನಾಳಿ, ಪುಕಾರಿ ಅಂತ ಬೇರೆ ಬೇರೆ ಹೆಸರುಗಳಿದ್ದವು. ಇವುಗಳಲ್ಲಿ ಹಲವು ಮಾಡಿದ ಊರಿನಿಂದ ಬಂದ ಹೆಸರು ಅಂತಾರೆ. ಅಂದ್ರೆ ಆಗ ಡಿಸೈನ್‌ಗೆ ವಿಳಾಸ ಇತ್ತು. ಕೊಲ್ಹಾಪುರಿ ಅನ್ನೋದು ಆಮೇಲೆ ಬಂದ ಮಾರುಕಟ್ಟೆಯ ಹೆಸರು. ಕೊಲ್ಹಾಪುರ ಸಂಸ್ಥಾನದಲ್ಲಿ 1894ರಿಂದ 1922ರವರೆಗೆ ಆಳಿದ ಶಾಹು ಮಹಾರಾಜರು ಚರ್ಮದ ಕಸುಬಿಗೆ ಪ್ರೋತ್ಸಾಹ ಕೊಟ್ಟರು. ಅವರ ಕಾಲದಲ್ಲಿ ಆ ಊರಿನ ಪೇಟೆ ಬೆಳೆಯಿತು. 1920ರ ದಶಕದಲ್ಲಿ ತೆಳು ಅಟ್ಟೆಯ, ಎರಡು ಕಿವಿಯ ಹಗುರ ಮಾದರಿಯೊಂದು ಮುಂಬೈಯ ಅಂಗಡಿಗೆ ಹೋಗಿ ಪೇಟೆಯವರ ಮನಸ್ಸು ಗೆದ್ದಿತು ಅನ್ನೋದು ಆ ಕಡೆ ಹೇಳೋ ಕಥೆ. ಕಾನ್ ಅಂದ್ರೆ ಮರಾಠಿಯಲ್ಲಿ ಕಿವಿ, ಅದಕ್ಕೇ ಕಾನವಾಲಿ ಅಂತ ಹೆಸರು. ಹೊಲದ ಚಪ್ಪಲಿ ಪೇಟೆಯ ಚಪ್ಪಲಿ ಆಯ್ತು. ಇಷ್ಟು ದಪ್ಪ ತೆಗೀಬೇಕು, ಆದರೆ ಬಿಗಿ ಹೋಗಬಾರದು ಅನ್ನೋ ಲೆಕ್ಕ ರಂಪಿಗೆ ಹಿಡಿದ ಯಾರದೋ ಕೈಯಲ್ಲಿ ಆಗಿದ್ದು. ಅದನ್ನ ನಾವು ಇವತ್ತು ರೀಡಿಸೈನ್ ಅಂತೀವಿ. ಆಗ ಅದಕ್ಕೆ ಕೂಲಿ ಅಂತಿದ್ದರು.

ಇನ್ನು ಕೊಲ್ಹಾಪುರದ ಹೆಸರು ನಮ್ಮ ಊರಿನ ಮಾಲಿಗೆ ಯಾಕೆ ಅಂಟಿತು? ಇದು ಜಗಳದ ವಿಷಯ ಅಲ್ಲ, ಭೂಗೋಳದ ವಿಷಯ. 1956ರ ನವೆಂಬರ್ 1ರವರೆಗೆ ಅಥಣಿ ಇದ್ದದ್ದು ಮುಂಬೈ ರಾಜ್ಯದಲ್ಲಿ. ನಮ್ಮ ಮಂದಿಗೆ ದೊಡ್ಡ ಪೇಟೆ ಅಂದ್ರೆ ಮಿರಜ, ಸಾಂಗ್ಲಿ, ಕೊಲ್ಹಾಪುರ. ಮಾಲು ಅಲ್ಲಿಗೆ ಹೋಗ್ತಿತ್ತು, ಅಲ್ಲಿನ ವ್ಯಾಪಾರಿಯ ಹೆಸರಿನಲ್ಲಿ ಮುಂದೆ ಹೋಗ್ತಿತ್ತು. ಬ್ಯಾಡಗಿಯ ಮಾರುಕಟ್ಟೆಗೆ ಸುತ್ತಲಿನ ಎಷ್ಟೋ ಜಿಲ್ಲೆಯ ಮೆಣಸಿನಕಾಯಿ ಬಂದು ಬ್ಯಾಡಗಿ ಮೆಣಸಿನಕಾಯಿ ಆಗಲ್ವಾ, ಹಂಗೇ. ಆದರೆ ಒಂದು ವ್ಯತ್ಯಾಸ ಐತಿ. ಮೆಣಸಿನಕಾಯಿಗೆ ಹೆಸರು ಹೋದ ಬ್ಯಾಸರ ಇರಲ್ಲ, ಮನುಷ್ಯನಿಗೆ ಇರ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಇಂಟರ್ನೆಟ್‌ನಲ್ಲಿ ಕೊಲ್ಹಾಪುರಿ ಚಪ್ಪಲಿ ಇತಿಹಾಸ ಅಂತ ಹುಡುಕಿದರೆ, ಬಿಜ್ಜಳ ರಾಜನೂ ಅವನ ಮಂತ್ರಿ ಬಸವಣ್ಣನೂ ಈ ಕಸುಬಿಗೆ ಆಶ್ರಯ ಕೊಟ್ಟಿದ್ದರು ಅನ್ನೋ ಒಂದು ಸಾಲು ಎಲ್ಲಾ ಕಡೆ ಸಿಗ್ತದೆ. ಆನ್‌ಲೈನ್‌ನಲ್ಲಿ ಚಪ್ಪಲಿ ಮಾರೋರೂ ಅದನ್ನೇ ಕಾಪಿ ಮಾಡಿ ಹಾಕಿರ್ತಾರೆ. ನಮ್ಮ ಕಡೆ ಬಸವಣ್ಣನ ಕಾಲದ ಚಪ್ಪಲಿ ಕಥೆ ಕೇಳದವರು ಯಾರಿದ್ದಾರೆ? ಶರಣ ಹರಳಯ್ಯ, ಅವರ ಹೆಂಡತಿ ಕಲ್ಯಾಣಮ್ಮ. ತಮ್ಮ ಒಂದು ಶರಣಿಗೆ ಬಸವಣ್ಣ ಎರಡು ಸಲ ಶರಣು ಅಂದದ್ದು ಅವರಿಗೆ ತೀರಿಸಲಾಗದ ಋಣ ಅನ್ನಿಸಿ, ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿ ಒಯ್ದರು. ಬಸವಣ್ಣ ಅದನ್ನ ಕಾಲಿಗೆ ಹಾಕಿಕೊಳ್ಳಲಿಲ್ಲ, ತಲೆ ಮೇಲಿಟ್ಟುಕೊಂಡರು. ಆಮೇಲೆ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಶರಣ ಮಧುವರಸರ ಮಗಳಿಗೂ ಮದುವೆ ಆಯ್ತು. ಅದಕ್ಕೆ ಇಬ್ಬರೂ ಅಪ್ಪಂದಿರಿಗೆ ಆನೆ ಕಾಲಿಗೆ ಕಟ್ಟಿ ಎಳೆಸೋ ಶಿಕ್ಷೆ ಆಯ್ತು.

ಶಿಕ್ಷೆ ಕೊಟ್ಟಿದ್ದು ಯಾರು? ಇದೇ ಬಿಜ್ಜಳ. ನಮ್ಮ ಪರಂಪರೆಯ ಕಥೆಯಲ್ಲಿ ಚಪ್ಪಲಿ ಮಾಡೋನನ್ನ ಕೊಲ್ಲಿಸಿದ ರಾಜ, ಮಾರ್ಕೆಟಿಂಗ್ ಪೇಜ್‌ನಲ್ಲಿ ಚಪ್ಪಲಿ ಕಸುಬಿನ ಪೋಷಕ ಆಗಿಬಿಟ್ಟಿದ್ದಾನೆ! ಹರಳಯ್ಯನ ಕಥೆಯಿಂದ ಇವತ್ತಿನ ಚಪ್ಪಲಿ ಯಾವ ಇಸವಿಯಲ್ಲಿ ಹುಟ್ಟಿತು ಅಂತ ಹೇಳೋಕೆ ಬರಲ್ಲ. ಅದು ಶರಣರ ಕಥೆ, ಕಸುಬಿನ ದಾಖಲೆ ಅಲ್ಲ. ಆದರೆ ಆ ಕಥೆ ನೆನಪಿಟ್ಟುಕೊಂಡಿರೋ ಒಂದು ಸಂಗತಿ ನಿಜವೇ. ಚಪ್ಪಲಿಯನ್ನ ಊರು ತಲೆ ಮೇಲಿಟ್ಟುಕೊಂಡರೂ, ಮಾಡಿದವರನ್ನ ಪಕ್ಕದಲ್ಲಿ ಕೂರಿಸಿಕೊಳ್ಳಲಿಲ್ಲ. ಇವರನ್ನ ಯಾರೂ ಡಿಸೈನರ್ ಅನ್ನದೇ ಇರೋದಕ್ಕೆ ಇಂಗ್ಲಿಷ್ ಬರಲ್ಲ ಅನ್ನೋದು ಕಾರಣ ಅಲ್ಲ ರೀ. ಜಾತಿ ಕಾರಣ.

ಎರಡನೇ ತಕರಾರು: ತಿದ್ದು, ಮತ್ತೆ ತಿದ್ದು.

1960, 70ರ ದಶಕದಲ್ಲಿ ಹಿಪ್ಪಿಗಳು ಈ ಚಪ್ಪಲಿಯನ್ನ ಯುರೋಪು, ಅಮೆರಿಕಕ್ಕೆ ಹೊತ್ತೊಯ್ದರು. ಬೇಡಿಕೆ ಬಂತು. ಅದರ ಹಿಂದೆಯೇ ಕಂಪ್ಲೇಂಟೂ ಬಂದವು. ಊರಲ್ಲಿ ಗಿರಾಕಿ ಎದುರಿಗೆ ಇರ್ತಾನೆ. ಕಾಗದದ ಮೇಲೆ ಕಾಲಿಡಿಸಿ ಸುತ್ತ ಗೆರೆ ಎಳೆದರೆ ಅಳತೆ ಮುಗೀತು. ಹೊಸ ಚಪ್ಪಲಿ ಕಚ್ಚಿದರೆ ರಾತ್ರಿ ಎಣ್ಣೆ ಹಚ್ಚಿ ಇಡ್ರಿ, ನಾಲ್ಕು ದಿನದಾಗ ಕಾಲಿಗೆ ಒಗ್ಗತದ ಅಂತ ಹೇಳಿದರೆ ಸಾಕು. ಅದು ಸುಳ್ಳೂ ಅಲ್ಲ. ತೊಗಟೆಯಲ್ಲಿ ಹದ ಮಾಡಿದ ತೊಗಲು ನಿಮ್ಮ ಪಾದದ ಆಕಾರಕ್ಕೆ ನಿಧಾನವಾಗಿ ಬಗ್ಗತದೆ, ಒಂದು ತಿಂಗಳಾದ ಮೇಲೆ ಆ ಜೋಡು ನಿಮಗೆ ಮಾತ್ರ ಸರಿಯಾಗೋದು. ಆದರೆ ಸಮುದ್ರದ ಆಚೆ ಇರೋ ಗಿರಾಕಿಗೆ ಈ ಮಾತು ಯಾರು ಹೇಳಬೇಕು? ಅವರು 38 ಅಂದ್ರೆ 38 ಇರಬೇಕು. ಎಡ ಬಲ ಒಂದೇ ಬಣ್ಣ ಇರಬೇಕು. ಡಬ್ಬಿ ತೆಗೆದಾಗ ಬೂಸ್ಟು ಹಿಡಿದಿರಬಾರದು.

ಈ ಬೂಸ್ಟಿನ ಸಮಸ್ಯೆ ಸಣ್ಣದಲ್ಲ. ಮಳೆಗಾಲದಲ್ಲಿ ತೊಗಲು ಒಣಗಲ್ಲ, ಕೆಲಸ ಕುಂಟತದೆ, ಒಣಗದ ಮಾಲು ಕಳಿಸಿದರೆ ವಾಪಸ್ ಬರ್ತದೆ. ನಿಮ್ಮ ಕ್ಲೈಂಟ್ ರಾತ್ರಿ ಹತ್ತಕ್ಕೆ ಮೇಲ್ ಮಾಡಿ ಬೆಳಿಗ್ಗೆ ಕೊಡ್ರಿ ಅಂತಾನಲ್ಲ, ಇವರ ಡೆಡ್‌ಲೈನ್ ಇಡೋದು ಮುಂಗಾರು. ಮೋಡದ ಜೊತೆ ಚೌಕಾಸಿ ಮಾಡೋಕೆ ಬರಲ್ಲ.

1990ರ ದಶಕದ ಕೊನೆಯಲ್ಲಿ ಅಥಣಿಯಲ್ಲಿ ನಡೆದ ಒಂದು ಪ್ರಯತ್ನ ಇಲ್ಲಿ ಮುಖ್ಯ. ವಿಶ್ವಸಂಸ್ಥೆಯ ಯುಎನ್‌ಡಿಪಿ ನೆರವಿನ ರಾಷ್ಟ್ರೀಯ ಚರ್ಮ ಅಭಿವೃದ್ಧಿ ಕಾರ್ಯಕ್ರಮದಡಿ, ಬೆಂಗಳೂರಿನ ಅಸೆಂಟ್ ಅನ್ನೋ ಸಂಸ್ಥೆ ಇಲ್ಲಿಗೆ ಬಂತು. ಅದರ ಹಿಂದೆ ಇದ್ದವರು ಮಧುರಾ ಛತ್ರಪತಿ. ಅದರಿಂದ ಹುಟ್ಟಿದ್ದು ಟೋ ಹೋಲ್ಡ್ ಆರ್ಟಿಸನ್ಸ್ ಕೊಲಾಬರೇಟಿವ್, ಅಂದ್ರೆ ಕಾರಿಗರ ಒಕ್ಕೂಟ, ಟೋ ಹೋಲ್ಡ್ ಅನ್ನೋ ಅವರದೇ ಬ್ರ್ಯಾಂಡ್. ಅವರು ಮಾಡಿದ ಕೆಲಸ ಕೇಳಿದರೆ ಬಹಳ ಸಾದಾ ಅನ್ನಿಸ್ತದೆ. ಅಳತೆಗಳನ್ನ ಒಂದು ಪದ್ಧತಿಗೆ ತಂದರು. ಕಾಲಿಗೆ ಮೆತ್ತಗಾಗೋ ಹಾಗೆ ಒಳಗೆ ಪದರು ಕೊಟ್ಟರು. ಹೊಸ ಬಣ್ಣ, ಹೊಸ ಪಟ್ಟಿ. ಹೊರದೇಶದ ಮೇಳಗಳಿಗೆ ಮಾದರಿ ಹೋದವು, ಅಲ್ಲಿಂದ ಬಂದ ಟೀಕೆ ವಾಪಸ್ ಅಥಣಿಯ ಓಣಿಗೆ ಬಂತು, ಮತ್ತೆ ಕೈ ತಿದ್ದಿತು. ಇದನ್ನ ಓದುವಾಗ ನನಗೆ ಹಿಡಿಸಿದ್ದು ಅವರು ಯಾವುದನ್ನ ಬದಲಿಸಲಿಲ್ಲ ಅನ್ನೋದು. ಕೈ ಹೆಣಿಗೆ ಹಾಗೇ ಇತ್ತು, ತೊಗಟೆಯ ಹದ ಹಾಗೇ ಇತ್ತು, ಹೆಬ್ಬೆರಳ ಉಂಗುರ ಹಾಗೇ ಇತ್ತು. ಕಚ್ಚೋದನ್ನ ತೆಗೆದರು, ಚಪ್ಪಲಿಯನ್ನ ತೆಗೆಯಲಿಲ್ಲ. ಕ್ಲೈಂಟ್ ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಕೊನೆಗೆ ತನ್ನ ಕೆಲಸವನ್ನೇ ಗುರುತು ಹಿಡಿಯಲಾಗದವರು ಇದನ್ನ ಸ್ವಲ್ಪ ಯೋಚಿಸಬಹುದು.

ಇನ್ನೊಂದು ಬದಲಾವಣೆ ಮನೆ ಒಳಗೆ ಆಯ್ತು. ತೊಗಲು ಕತ್ತರಿಸೋದು, ಅಟ್ಟೆ ಹೊಲಿಯೋದು ಗಂಡಸರು. ಹೆಣೆಯೋದು, ತೂತು ಹಾಕೋದು, ಅಲಂಕಾರ ಹೆಚ್ಚಾಗಿ ಹೆಂಗಸರು. ದುಡ್ಡು ಬರ್ತಿದ್ದದ್ದು ಗಂಡಸರ ಕೈಗೆ, ಹೆಂಗಸರದ್ದು ಮನೆಗೆಲಸದ ಲೆಕ್ಕ. ಟೋ ಹೋಲ್ಡ್ ಶುರುವಾಗಿದ್ದೇ ಹೆಂಗಸರ ಸ್ವಸಹಾಯ ಸಂಘಗಳ ಮೇಲೆ. ಅವರ ಕೆಲಸಕ್ಕೆ ಅವರ ಹೆಸರಿನಲ್ಲೇ ದುಡ್ಡು. ನೀವು ಚಪ್ಪಲಿ ಅಂಗಡಿಯಲ್ಲಿ ಯಾವುದನ್ನ ನೋಡಿ 'ಡಿಸೈನ್ ಚಲೋ ಐತಿ' ಅಂತೀರೋ, ಆ ಹೆಣಿಗೆ ಮಾಡೋದು ಇವರು. ಸಾಮಾನ್ಯವಾಗಿ ಹೊಗಳಿಕೆ ಅಂಗಡಿಯವನಿಗೆ ಹೋಗ್ತದೆ.

ಅಥಣಿಯಲ್ಲಿ ಒಮ್ಮೆ ಒಂದು ಮನೆಯ ಜಗಲಿ ಮೇಲೆ ಕೂತು ಹೆಣಿಗೆ ನೋಡ್ತಿದ್ದೆ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಲಾ ಮಾವಶಿ ಅಂತ ಕೇಳಿದೆ. ಕೈ ಮಾಡ್ಕೊ ತಮ್ಮಾ, ಮಾರಿ ಬ್ಯಾಡ ಅಂದರು. ಎಳೆಗಳನ್ನ ಎಣಿಸದೆ ಹೆಣೀತಿದ್ದರು. ಈ ನಮೂನೆ ಯಾರು ಕಲಿಸಿದರು ಅಂದೆ. ಕಲ್ತದ್ದಲ್ಲ, ಇದು ನಂದೇ, ಅಂದು ಮತ್ತೆ ಕೆಲಸಕ್ಕೆ ಹತ್ತಿದರು. ನಾನು ಅಷ್ಟೊತ್ತಿಗೆ ಪರಂಪರೆ, ತಲೆಮಾರು ಅಂತ ದೊಡ್ಡ ದೊಡ್ಡ ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಪರಂಪರೆ ಅನ್ನೋ ಶಬ್ದದಲ್ಲಿ ಒಂದು ಮೋಸ ಐತಿ ನೋಡ್ರಿ. ಎಲ್ಲಾನೂ ಪರಂಪರೆಗೆ ಬಿಟ್ಟರೆ ಯಾರಿಗೂ ಏನೂ ಕೊಡಬೇಕಾಗಿಲ್ಲ.

ಮೂರನೇ ತಕರಾರು ದುಡ್ಡು, ಅಂದ್ರೆ ನನ್ನ ಸಬ್ಜೆಕ್ಟು.

ಬಿ.ಕಾಂನಲ್ಲಿ ಕಾಸ್ಟ್ ಶೀಟ್ ಹಾಕೋದು ಕಲಿಸ್ತಾರೆ. ಕಚ್ಚಾ ಮಾಲು, ಕೂಲಿ, ಇತರೆ ಖರ್ಚು, ಮೇಲೆ ಲಾಭ. ಚಪ್ಪಲಿ ವ್ಯಾಪಾರಿ ಕಾರಿಗರನ ಜೊತೆ ಮಾಡೋ ಲೆಕ್ಕ ಇದೇ. ತೊಗಲಿಗೆ ಇಷ್ಟು, ಜೋಡಿಗೆ ಕೂಲಿ ಇಷ್ಟು. ಡಿಸೈನ್ ಅನ್ನೋ ಸಾಲೇ ಆ ಶೀಟ್‌ನಲ್ಲಿ ಇಲ್ಲ. ದೊಡ್ಡ ಬ್ರ್ಯಾಂಡ್‌ನ ಶೀಟ್‌ನಲ್ಲಿ ಉಳಿದ ಸಾಲುಗಳು ಸಣ್ಣವು, ಡಿಸೈನ್ ಮತ್ತು ಹೆಸರು ದೊಡ್ಡವು. ಒಂದೇ ವಸ್ತು, ಎರಡು ಶೀಟು.

ಅದರ ಮೇಲೆ ಒಂದು ಕಡೆಯಿಂದ ರೆಗ್ಜಿನ್ ನಕಲು. ದೂರದಿಂದ ಹಾಗೇ ಕಾಣ್ತದೆ, ಕಾಲು ಭಾಗ ರೇಟು, ಮಳೆಗೆ ಹೆದರಲ್ಲ. ಇನ್ನೊಂದು ಕಡೆ ತೆರಿಗೆ. ಸಾವಿರ ರೂಪಾಯಿ ಒಳಗಿನ ಪಾದರಕ್ಷೆಗೆ ಇದ್ದ 5% ಜಿಎಸ್‌ಟಿ 2022ರ ಜನವರಿ 1ರಿಂದ 12% ಆಯ್ತು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಜೋಡಿಗೆ ಮತ್ತೆ 5%ಗೆ ಇಳಿಯಿತು. ಮಧ್ಯದ ಆ ಮೂರೂಮುಕ್ಕಾಲು ವರ್ಷ ಸಣ್ಣ ವ್ಯಾಪಾರಿ ಆ 7 ರೂಪಾಯಿಯನ್ನ ಗಿರಾಕಿ ಮೇಲೆ ಹಾಕಿದನೋ, ಕಾರಿಗರನ ಮೇಲೆ ಹಾಕಿದನೋ ನೀವೇ ಊಹಿಸ್ರಿ. ತೊಗಲು ಸಿಗೋದೂ ಕಷ್ಟ ಆಯ್ತು. ಮಹಾರಾಷ್ಟ್ರದಲ್ಲಿ 2015ರಲ್ಲಿ, ಕರ್ನಾಟಕದಲ್ಲಿ 2021ರಲ್ಲಿ ಗೋಹತ್ಯೆ ಕಾನೂನು ಬಿಗಿಯಾದ ಮೇಲೆ ತೊಗಲಿನ ವ್ಯಾಪಾರದಲ್ಲಿ ಭಯ ಸೇರಿಕೊಂಡಿತು. ಕಾನೂನಿನ ಪರ ವಿರೋಧ ಇನ್ನೊಂದು ದಿನ ಮಾತಾಡೋಣ. ತೊಗಲು ದುಬಾರಿ ಆದಾಗ ಮೊದಲು ಕಡಿಮೆ ಆಗೋದು ಕೂಲಿ ಅನ್ನೋದು ಲೆಕ್ಕದ ಮಾತು.

ಹಂಗಾದ್ರೆ ದುಡ್ಡಿನ ತಕರಾರು ಗೆದ್ದರು ಅಂತ ಮೊದಲು ಹೇಗೆ ಹೇಳಿದೆ? ಪೂರಾ ಗೆದ್ದಿಲ್ಲ. ಒಕ್ಕೂಟ ಕಟ್ಟಿಕೊಂಡವರು, ವ್ಯಾಪಾರಿಯನ್ನ ದಾಟಿ ನೇರವಾಗಿ ಮಾರಿದವರು ರೇಟ್ ಹೇಳೋ ಧೈರ್ಯ ಪಡೆದರು. ಸರ್ಕಾರದ ಕಡೆಯಿಂದ ಇದಕ್ಕಂತಲೇ 1976ರಿಂದ ಲಿಡ್‌ಕರ್ ಐತಿ, ಅಂದ್ರೆ ಡಾ. ಬಾಬು ಜಗಜೀವನರಾಂ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ. 2023ರಲ್ಲಿ ನಟ ಡಾಲಿ ಧನಂಜಯ ಅದರ ರಾಯಭಾರಿ ಆದ ಮೇಲೆ ನಮ್ಮ ವಯಸ್ಸಿನವರಿಗೂ ಆ ಹೆಸರು ಕಿವಿಗೆ ಬಿತ್ತು. ಮಳಿಗೆಗಳಿವೆ, ಆದರೆ ಮಾಲು ಇನ್ನೂ ಕಣ್ಣಿಗೆ ಬೀಳೋ ಹಾಗೆ ಇಡಬೇಕು. ಇದು ನನ್ನ ಅಭಿಪ್ರಾಯ.

ಈಗ ನಾಲ್ಕನೇದ್ದು. ಹೆಸರು.

2025ರ ಜೂನ್ 22. ಮಿಲಾನ್‌ನಲ್ಲಿ ಪ್ರಾಡಾ ಕಂಪನಿಯ ಗಂಡಸರ ಫ್ಯಾಷನ್ ಶೋ. ಮಾಡೆಲ್‌ಗಳ ಕಾಲಲ್ಲಿ ನಮ್ಮ ಚಪ್ಪಲಿ. ಕಂಪನಿ ಹೇಳಿದ್ದು ಲೆದರ್ ಸ್ಯಾಂಡಲ್ ಅಂತ ಮಾತ್ರ. ಎಲ್ಲಿಯದು, ಯಾರದು, ಒಂದಕ್ಷರ ಇಲ್ಲ. ಆ ವಾರ ನಿಮ್ಮ ರೀಲ್ಸ್‌ನಲ್ಲಿ ಬೇರೇನೂ ಬಂದಿರಲಿಕ್ಕಿಲ್ಲ. ಕೂಗು ಜೋರಾದ ಮೇಲೆ, ಮಹಾರಾಷ್ಟ್ರದ ವಾಣಿಜ್ಯ ಮಂಡಳಿ ಬರೆದ ಪತ್ರಕ್ಕೆ ಉತ್ತರವಾಗಿ ಪ್ರಾಡಾದ ಲೊರೆಂಜೊ ಬರ್ಟೆಲಿ ಇದು ಭಾರತದ ಕರಕುಶಲ ಪಾದರಕ್ಷೆಯಿಂದ ಸ್ಫೂರ್ತಿ ಪಡೆದದ್ದು ಅಂತ ಒಪ್ಪಿಕೊಂಡರು.

ಆಗ ಸುದ್ದಿಯಲ್ಲೆಲ್ಲಾ ಕೊಲ್ಹಾಪುರ, ಮಹಾರಾಷ್ಟ್ರ. ನಮ್ಮ ಸಚಿವ ಪ್ರಿಯಾಂಕ್ ಖರ್ಗೆ ಅವರು ಈ ಚಪ್ಪಲಿ ಮಾಡೋ ಬಹಳಷ್ಟು ಕಾರಿಗರು ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಕಡೆಯವರು ಅಂತ ಸೋಷಿಯಲ್ ಮೀಡಿಯಾದಲ್ಲಿ ಬರೆದರು. ಹೆಸರು ಕೇಳಬೇಕಾದವರು ಎರಡು ಸಾಲಿನಲ್ಲಿ ನಿಂತಿದ್ದರು ಅಂತ ಆಗ ಗೊತ್ತಾಯ್ತು. ಮಿಲಾನ್ ಮುಂದೆ ಕೊಲ್ಹಾಪುರ ನಿಂತಿತ್ತು, ಕೊಲ್ಹಾಪುರದ ಹಿಂದೆ ಅಥಣಿ ನಿಂತಿತ್ತು.

ಕಾನೂನು ಏನು ಹೇಳ್ತದೆ? 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಜಿಐ ಟ್ಯಾಗ್ ಸಿಕ್ಕಿತು. ಎರಡು ರಾಜ್ಯಗಳ ಎಂಟು ಜಿಲ್ಲೆಗೆ. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ, ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ನೋಂದಣಿ ಆಗಿರೋದು ನಮ್ಮ ಲಿಡ್‌ಕರ್ ಮತ್ತು ಮಹಾರಾಷ್ಟ್ರದ ಲಿಡ್‌ಕಾಮ್ ಹೆಸರಿನಲ್ಲಿ. ಕಾಗದದ ಮೇಲೆ ಅಥಣಿಯ ಹಕ್ಕು ಕೊಲ್ಹಾಪುರದಷ್ಟೇ. ಆದರೆ ಇಲ್ಲೊಂದು ಸೂಕ್ಷ್ಮ ಐತಿ, ಡಿಸೈನ್ ಮಾಡೋರೆಲ್ಲಾ ತಿಳಕೋಬೇಕು. ಜಿಐ ಕಾಯೋದು ಮುಖ್ಯವಾಗಿ ಹೆಸರನ್ನ. ಬೇರೆ ಕಡೆ ಮಾಡಿದ್ದನ್ನ ಕೊಲ್ಹಾಪುರಿ ಅಂತ ಮಾರಬಾರದು. ಆಕಾರ ಕಾಯೋಕೆ 2000ದ ಡಿಸೈನ್ ಕಾಯ್ದೆ ಬೇರೆ ಇದೆ, ಅದಕ್ಕೆ ಡಿಸೈನ್ ಹೊಸದಿರಬೇಕು, ರಕ್ಷಣೆ ಹೆಚ್ಚೆಂದರೆ 15 ವರ್ಷ. ನೂರಾರು ವರ್ಷದಿಂದ ಊರೇ ಹಾಕ್ಕೊಂಡು ತಿರುಗಿದ ಚಪ್ಪಲಿ ಹೊಸದು ಹೇಗಾಗ್ತದೆ? ಹಂಗಾಗಿ ಆಕಾರ ತಗೊಂಡು ಹೆಸರು ಬಿಟ್ಟರೆ ಕಾನೂನಿನ ಕೈಗೆ ಸಿಗೋದು ಕಷ್ಟ. ಹೆಸರು ಹೇಳದೇ ಇದ್ದದ್ದೇ ಕಂಪನಿಗೆ ರಕ್ಷಣೆ ಆಯ್ತು, ಹೆಸರು ಹೇಳಲಿಲ್ಲ ಅನ್ನೋದೇ ನಮ್ಮ ತಕರಾರು ಆಯ್ತು.

ಕೆಲವು ವಕೀಲರು ಬಾಂಬೆ ಹೈಕೋರ್ಟಿಗೆ ಪಿಐಎಲ್ ಹಾಕಿದರು. 2025ರ ಜುಲೈ 16ರಂದು ಕೋರ್ಟ್ ಅದನ್ನ ವಜಾ ಮಾಡಿತು. ಜಿಐ ನೋಂದಣಿ ಯಾರ ಹೆಸರಲ್ಲಿದೆಯೋ ಅವರೇ ಬರಬಹುದು, ನೀವು ಯಾರು ಅನ್ನೋದು ಅದರ ಸಾರಾಂಶ.

ಇದೇ ಸಮಯಕ್ಕೆ ಮೆಕ್ಸಿಕೋದಲ್ಲೂ ಹೀಗೇ ಆಯ್ತು. ವಹಾಕಾ ರಾಜ್ಯದ ಯಲಾಲಗ್ ಅನ್ನೋ ಊರಿನ ಹುರಾಚೆ, ಅದೂ ತೊಗಲು ಹೆಣೆದ ಚಪ್ಪಲಿಯೇ, ಅದನ್ನ ಹೋಲೋ ಒಂದು ಮಾದರಿಯನ್ನ ಅಡಿಡಾಸ್ ತಂದಿತು. ಗಲಾಟೆ ಆದ ಮೇಲೆ 2025ರ ಆಗಸ್ಟ್‌ನಲ್ಲಿ ಕಂಪನಿಯ ಪ್ರತಿನಿಧಿಗಳು ಆ ಊರಿಗೇ ಹೋಗಿ ಜನರ ಎದುರು ಕ್ಷಮೆ ಕೇಳಿದರು. ಊರಿಗೆ ಹೋಗಿ, ಅದು ಮುಖ್ಯ.

ಪ್ರಾಡಾ ವಿಷಯ ಬೇರೆ ದಾರಿ ಹಿಡಿಯಿತು. 2025ರ ಡಿಸೆಂಬರ್ 11ರಂದು ಮುಂಬೈಯಲ್ಲಿ ಲಿಡ್‌ಕರ್, ಲಿಡ್‌ಕಾಮ್ ಜೊತೆ ಒಪ್ಪಂದ ಆಯ್ತು. ಮಹಾರಾಷ್ಟ್ರ, ಕರ್ನಾಟಕದ ಕಾರಿಗರಿಂದ 2,000 ಜೋಡು ಮಾಡಿಸಿ, ಭಾರತದಲ್ಲಿ ಮಾಡಿದ್ದು, ಕೊಲ್ಹಾಪುರಿಯಿಂದ ಸ್ಫೂರ್ತಿ ಅಂತ ಹೆಸರು ಹಾಕಿ, ಫೆಬ್ರವರಿ 2026ರಿಂದ ಜಗತ್ತಿನ 40 ಅಂಗಡಿಗಳಲ್ಲಿ ಮಾರೋದು ಅಂತ ಘೋಷಣೆ. ಕಾರಿಗರಿಗೆ ತರಬೇತಿಯ ಮಾತೂ ಇದೆ. ರೇಟು ಜೋಡಿಗೆ ಸುಮಾರು 800 ಯುರೋ ಅಂತ ಆಗ ಹೇಳಿದ್ದು. ಆಗಿನ ವಿನಿಮಯ ದರದಲ್ಲಿ ಹತ್ತಿರ ಹತ್ತಿರ 84 ಸಾವಿರ ರೂಪಾಯಿ. ನಮ್ಮ ಕಡೆ ಒಳ್ಳೇ ಜೋಡು ಸಾವಿರದ ಆಸುಪಾಸು. 2,000 ಜೋಡು ಅಂದ್ರೆ 16 ಲಕ್ಷ ಯುರೋ, 16 ಕೋಟಿ ರೂಪಾಯಿಗೂ ಮೇಲೆ.

ನನ್ನ ಕೆಲವು ದೋಸ್ತರಿಗೆ ಇದು ದೊಡ್ಡ ಗೆಲುವು ಅನ್ನಿಸಿದೆ. ನನಗೆ ಅರ್ಧ ಗೆಲುವು. ಕೊಲ್ಹಾಪುರಿ ಅನ್ನೋ ಶಬ್ದ ಪ್ರಾಡಾದ ಘೋಷಣೆಯಲ್ಲಿ ಬಂದಿರೋದು ನಿಜವಾದ ಬದಲಾವಣೆ, ಜೂನ್‌ನಲ್ಲಿ ಅದು ಇರಲಿಲ್ಲ. ಕರ್ನಾಟಕದ ನಿಗಮ ಸಹಿ ಹಾಕಿದ್ದೂ ಸಣ್ಣ ಮಾತಲ್ಲ, ನೂರು ವರ್ಷದ ಹಿಂದೆ ಮಿರಜದ ಪೇಟೆಯಲ್ಲಿ ಕಳೆದುಹೋದ ವಿಳಾಸ ಒಪ್ಪಂದದ ಕಾಗದದಲ್ಲಿ ಸಿಕ್ಕಂಗಾಯ್ತು. ಆದರೆ ಆ 84 ಸಾವಿರದ ಕಾಸ್ಟ್ ಶೀಟ್‌ನಲ್ಲಿ ಹೆಣೆದವರ ಸಾಲು ಎಷ್ಟು? ಕೂಲಿ ಅಂತ ಬರೀತಾರೋ, ಡಿಸೈನ್ ಅಂತ ಬರೀತಾರೋ? 2,000 ಜೋಡಿನಲ್ಲಿ ಅಥಣಿ, ನಿಪ್ಪಾಣಿ ಕಡೆಗೆ ಎಷ್ಟು ಬರ್ತವೆ? ಇದನ್ನ ಕೇಳಬೇಕಾದ್ದು ಪ್ರಾಡಾವನ್ನಲ್ಲ, ನಮ್ಮದೇ ನಿಗಮವನ್ನ. ಹಕ್ಕುದಾರರು ಅವರೇ ಅಂತ ಕೋರ್ಟೇ ಹೇಳಿದೆಯಲ್ಲ.

ಇನ್ನು ನೀವು ಮಾಡಬಹುದಾದ್ದು. ಮುಂದಿನ ಸಲ ಜೋಡು ತಗೊಳ್ಳುವಾಗ ತಿರುಗಿಸಿ ಮೊಳೆ ಇದೆಯಾ ನೋಡ್ರಿ. ಬಗ್ಗಿಸಿ ನೋಡ್ರಿ. ಮೂಗಿನ ಹತ್ತಿರ ಹಿಡೀರಿ, ತೊಗಟೆಯ ಒಗರು ವಾಸನೆ ಬರಬೇಕು. ಅಂಗಡಿಯವರನ್ನ ಇದು ಯಾವ ಊರಿನ ಕೆಲಸ ರೀ ಅಂತ ಕೇಳ್ರಿ. ಕಾರಿಗರ ಮನೆಯವರು ನಮ್ಮ ಕೇಳುಗರಲ್ಲಿ ಇದ್ದರೆ ಒಂದು ಮಾತು: ಟ್ಯಾಗ್ ಜಿಲ್ಲೆಗೆ ಸಿಕ್ಕಿದ್ದರೂ ಅದನ್ನ ನಿಮ್ಮ ಮಾಲಿನ ಮೇಲೆ ಹಾಕೋಕೆ ನೀವೇ ಅಧಿಕೃತ ಬಳಕೆದಾರ ಅಂತ ಬೇರೆ ನೋಂದಣಿ ಮಾಡಿಸಬೇಕು. ಅಪ್ಪನ ಹೆಸರಲ್ಲಷ್ಟೇ ಅರ್ಜಿ ಹಾಕಬೇಡ್ರಿ, ಹೆಣೆಯೋ ಅವ್ವನ ಹೆಸರಲ್ಲೂ ಒಂದು ಹಾಕ್ರಿ.

ಮುಂದಿನ ಎಪಿಸೋಡ್‌ಗೆ ಗೋಕಾಕಕ್ಕೆ ಹೋಗೋಣ, ಅಲ್ಲಿನ ಕಟ್ಟಿಗೆಯ ಹಣ್ಣು, ಗೊಂಬೆಗಳ ಕಡೆಗೆ. ಬರ್ತೀನ್ರಿ.